ಲಾಟು ಎಂಬ ಮಾತಿನ ಹಿಂದುಮುಂದು



ನಮ್ಮ ಸಂಘದ ಗೋದಾಮಿನಲ್ಲಿ ಸುಗ್ಗಿಯ ಕಾಲಕ್ಕೆ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಒಂದು ಇಂಗ್ಲಿಷ್ ಮಾತಿದೆ. "ನಿಮ್ಮ ಲಾಟು ಎಷ್ಟನೇ ನಂಬರು?", "ಆ ಲಾಟು ಇನ್ನೂ ಎರಡು ಬಿಸಿಲು ಕಾಣಬೇಕಿತ್ತು", "ಇಡೀ ಲಾಟಿಗೆ ಒಂದೇ ಧಾರಣೆ". ಅಡಿಕೆಯವರಿಗೂ ಈ ಮಾತು ಬೇಕು, ಕಾಫಿಯವರಿಗೂ ಬೇಕು. ಇಂಗ್ಲಿಷಿನ ಒಂದಕ್ಷರ ಬಾರದ ಹಮಾಲರೂ ಇದನ್ನು ನಮ್ಮದೇ ಮಾತೆಂಬಂತೆ ಆಡುತ್ತಾರೆ. ಇಷ್ಟಾಗಿಯೂ ಇದರ ಅರ್ಥವೇನು, ಇದು ಎಲ್ಲಿಂದ ಬಂತು ಎಂದು ನಾವು ಒಮ್ಮೆಯೂ ಕೇಳಿಕೊಂಡವರಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ.

ಮಾಗಡಿ ಮತ್ತು ಚನ್ನಪಟ್ಟಣದ ಕಡೆ ತೆಂಗಿನ ನಡುವೆ ಅಡಿಕೆ ಹಾಕಿದ ಕೆಲವು ತೋಟಗಳನ್ನು ನೋಡಲು ನಾವು ನಾಲ್ಕು ಜನ ಹೋಗಿದ್ದೆವು. ತೋಟದ ಯಜಮಾನರೇ, "ಇಷ್ಟು ದೂರ ಬಂದಿದ್ದೀರಿ, ನಮ್ಮ ಗೂಡಿನ ಮಾರ್ಕೆಟ್ಟು ನೋಡದೆ ಹೋಗಬೇಡಿ" ಎಂದು ಒತ್ತಾಯಿಸಿದರು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಬೆಳಗಿನಲ್ಲೇ ಹೋದೆವು. ಕನಕಪುರದ ಕಡೆಯಿಂದ, ಮಾಗಡಿಯ ಕಡೆಯಿಂದ, ಇನ್ನೂ ದೂರದ ಜಿಲ್ಲೆಗಳಿಂದ ಸಹ ರಾತ್ರಿಯೇ ಹೊರಟು ಬಂದ ಗೂಡಿನ ಚೀಲಗಳು ಇಳಿಯುತ್ತಿದ್ದವು. ತಂತಿ ಜಾಲರಿಯ ತೊಟ್ಟಿಗಳಲ್ಲಿ ಗೂಡು ಸುರಿದು ಹರಡಿದರೆ, ಒಂದು ಕಡೆ ಹಳದಿ, ಒಂದು ಕಡೆ ಬಿಳಿ. ಪ್ರತಿಯೊಬ್ಬ ರೈತನ ಗೂಡಿಗೂ ಒಂದು ನಂಬರು. ಆ ನಂಬರಿನ ಹೆಸರೇ ಲಾಟು.

ನೂಲು ಬಿಚ್ಚುವ ರೀಲರುಗಳು ತೊಟ್ಟಿಯಿಂದ ತೊಟ್ಟಿಗೆ ಹೋಗುತ್ತಾರೆ. ಮೇಲಿನ ಗೂಡನ್ನು ಅವರು ನೋಡುವುದಿಲ್ಲ, ಮೊಣಕೈವರೆಗೆ ಕೈ ಇಳಿಸಿ ತಳದ ಗೂಡನ್ನು ಎತ್ತುತ್ತಾರೆ. ಒಂದೆರಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳುತ್ತಾರೆ. ಹಿಂದೆ ಸವಾಲು ಕೂಗಿ ಹರಾಜು ನಡೆಯುತ್ತಿತ್ತಂತೆ. ಈಗ ರೀಲರು ತನ್ನ ಮೊಬೈಲಿನಲ್ಲಿ ಬೆಲೆ ಒತ್ತುತ್ತಾನೆ, ಎಲ್ಲಕ್ಕಿಂತ ಹೆಚ್ಚಿನ ಬೆಲೆ ಲಾಟಿನ ನಂಬರಿನ ಎದುರಿಗೆ ಪರದೆಯ ಮೇಲೆ ಬರುತ್ತದೆ.

ಕನಕಪುರದ ಕಡೆಯ ಒಬ್ಬ ಹಿರಿಯರು ತಮ್ಮ ತೊಟ್ಟಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ಮಾತಿಗೆ ಮಾತು ಬಂದು ನಾವು, "ಯಜಮಾನ್ರೆ, ಈ ಲಾಟು ಅಂದರೇನು?" ಎಂದು ಕೇಳಿದೆವು. ನಮ್ಮ ಪ್ರಶ್ನೆ ಅವರಿಗೆ ವಿಚಿತ್ರವಾಗಿ ಕಂಡಿರಬೇಕು. "ಲಾಟು ಅಂದ್ರೆ ಏನು ಸ್ವಾಮಿ, ನಮ್ ಪಾಲು. ಇವತ್ತು ನಮ್ ಪಾಲಿಗೆ ಏನ್ ಬತ್ತದೋ ಅದು" ಎಂದರು.

ಊರಿಗೆ ಬಂದ ಮೇಲೆ ನಿಘಂಟುಗಳನ್ನು ತಿರುವಿ ನೋಡಿದರೆ, ಆ ಹಿರಿಯರು ಹೇಳಿದ್ದೇ ಆ ಪದದ ಹಳೆಯ ಅರ್ಥಗಳಲ್ಲಿ ಒಂದು!

ಹಳೆಯ ಇಂಗ್ಲಿಷಿನಲ್ಲಿ ಈ ಪದ ಹ್ಲಾಟ್ ಎಂದಿತ್ತು. ಜರ್ಮನ್, ಡಚ್ ಮೊದಲಾದ ಸೋದರ ಭಾಷೆಗಳಲ್ಲೂ ಇದರ ದಾಯಾದಿಗಳಿವೆ. ಮೊದಲು ಇದರ ಅರ್ಥ ರಾಶಿಯೂ ಅಲ್ಲ, ಸರಕೂ ಅಲ್ಲ. ಒಂದು ಮರದ ಚೂರು. ಯಾರಿಗೆ ಯಾವುದು ಸಲ್ಲಬೇಕೆಂದು ತೀರ್ಮಾನಿಸಲು ಗುರುತು ಹಾಕಿ ಎಸೆಯುತ್ತಿದ್ದ, ಇಲ್ಲವೇ ಎತ್ತುತ್ತಿದ್ದ ಚೂರು. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆಯುತ್ತ ಈ ಪದ್ಧತಿಯನ್ನು ವಿವರಿಸಿದ್ದಾನೆ. ಕಾಯಿ ಬಿಡುವ ಮರದ ಕೊಂಬೆಯನ್ನೇ ಕಡಿಯಬೇಕು, ಚೂರು ಮಾಡಿ ಒಂದೊಂದಕ್ಕೂ ಗುರುತು ಹಾಕಬೇಕು, ಬಿಳಿಯ ಬಟ್ಟೆಯ ಮೇಲೆ ಚೆಲ್ಲಬೇಕು. ಊರಿನ ವಿಷಯವಾದರೆ ಪೂಜಾರಿ, ಮನೆಯ ವಿಷಯವಾದರೆ ಮನೆಯ ಯಜಮಾನ ಆಕಾಶ ನೋಡುತ್ತ ಮೂರು ಚೂರು ಎತ್ತಬೇಕು. ಬಿಳಿಯ ಬಟ್ಟೆ, ಕಾಯಿ ಬಿಡುವ ಮರ, ಮೇಲೆ ನೋಡುವ ಯಜಮಾನ. ನಮ್ಮ ಯಾವುದಾದರೂ ಊರಿನ ದೇವರ ಗುಡಿಯ ಮುಂದೆ ನಡೆದದ್ದೆಂದರೂ ನಂಬಬಹುದು.

ಚೂರು ಎತ್ತುವುದು ಬಹುಪಾಲು ಏನನ್ನಾದರೂ ಹಂಚುವುದಕ್ಕೆ. ಹಾಗಾಗಿ ಎತ್ತುವ ಚೂರಿನ ಹೆಸರು, ಆ ಚೂರಿನಿಂದ ದಕ್ಕಿದ ಪಾಲಿಗೂ ಬಂತು. ಜಮೀನಿನ ತುಂಡಿಗೂ ಅದೇ ಹೆಸರಾಯಿತು. ಅಮೆರಿಕದಲ್ಲಿ ಇಂದಿಗೂ ಮನೆ ಕಟ್ಟುವ ನಿವೇಶನವನ್ನು ಲಾಟ್ ಎನ್ನುತ್ತಾರೆ. ನಿವೇಶನಕ್ಕೆ ಅರ್ಜಿ ಹಾಕಿ ನಾವು ವರ್ಷಗಟ್ಟಲೆ ಕಾಯುವ ಅಲಾಟ್‌ಮೆಂಟು ಕೂಡ ಇದೇ ಬುಡದಿಂದ ಒಡೆದ ಟಿಸಿಲು, ಫ್ರೆಂಚ್ ಭಾಷೆಯ ಮೂಲಕ ಸುತ್ತಿ ಬಂದದ್ದು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿ ಯಾರ್ನ್‌ಟನ್ ಎಂಬ ಹಳ್ಳಿಯಿದೆ. ಅಲ್ಲಿಯ ಹುಲ್ಲುಗಾವಲು ಹಲವು ಹಿಡುವಳಿದಾರರಿಗೆ ಸೇರಿದ್ದು. ಯಾರಿಗೆ ಆ ವರ್ಷ ಯಾವ ಪಟ್ಟಿಯ ಹುಲ್ಲು ಎಂಬುದನ್ನು 13 ಮರದ ಗುಂಡುಗಳನ್ನು ಚೀಲದಿಂದ ಎತ್ತಿ ತೀರ್ಮಾನಿಸುತ್ತಿದ್ದರು. ಒಂದೊಂದು ಗುಂಡಿನ ಮೇಲೂ ಒಂದೊಂದು ಹೆಸರು. ಈ ಪದ್ಧತಿ 20ನೆಯ ಶತಮಾನದವರೆಗೂ ನಡೆದು ಬಂತು. ಚನ್ನಪಟ್ಟಣದಲ್ಲಿ ಆಲೆಮರವನ್ನು ಚರಕಿಗೆ ಕೊಟ್ಟು ಕಡೆದು, ಅರಗು ಹಿಡಿಸಿ ಸಾಲಾಗಿ ಇಟ್ಟಿದ್ದ ಮರದ ಗುಂಡುಗಳನ್ನು ಅಂದು ಮಧ್ಯಾಹ್ನವಷ್ಟೇ ನೋಡಿ ಬಂದಿದ್ದ ನಮಗೆ, ಇದನ್ನು ಓದಿದಾಗ ಅವೇ ಕಣ್ಣ ಮುಂದೆ ಬಂದವು. ಫಲವತ್ತಾದ ಪಟ್ಟಿ ಪ್ರತಿವರ್ಷ ಒಬ್ಬನ ಪಾಲಿಗೇ ಹೋಗಬಾರದು ಎಂಬುದು ಆ ಹಳ್ಳಿಯವರ ಲೆಕ್ಕಾಚಾರ. ಚೀಟಿ ಎತ್ತುವುದೆಂದರೆ ಜೂಜು ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಬಲವಂತನ ಕೈ ಮೇಲಾಗದಂತೆ ತಡೆಯಲು ಬಡವರಿಗೆ ಸಿಕ್ಕ ಉಪಾಯವೂ ಅದೇ.

ಈ ಉಪಾಯ ನಮಗೇನೂ ಹೊಸದಲ್ಲ. ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಪಂಚಾಯಿತರು ಜಮೀನನ್ನು ಪಾಲು ಮಾಡಿ, ಚೀಟಿ ಬರೆದು ಮಡಿಸಿ ದೇವರ ಮುಂದೆ ಹಾಕಿ, ಏನೂ ಅರಿಯದ ಒಂದು ಮಗುವಿನ ಕೈಯಲ್ಲಿ ಎತ್ತಿಸುವುದನ್ನು ನಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ಕಂಡಿದ್ದೇವೆ. ಕಾಂಚೀಪುರದ ಸೀಮೆಯ ಉತ್ತರಮೇರೂರಿನಲ್ಲಿ 10ನೆಯ ಶತಮಾನದ, ಪರಾಂತಕ ಚೋಳನ ಕಾಲದ ಶಾಸನವಿದೆ. ಊರಿನ ಸಭೆಗೆ ಸದಸ್ಯರನ್ನು ಆರಿಸುವಾಗ ಅರ್ಹರ ಹೆಸರನ್ನು ಓಲೆಯ ಮೇಲೆ ಬರೆದು ಕೊಡದೊಳಗೆ ಹಾಕಿ ಒಬ್ಬ ಹುಡುಗನಿಂದ ಎತ್ತಿಸಬೇಕೆಂದು ಅದರಲ್ಲಿ ನಿಯಮ ಮಾಡಿದ್ದಾರೆ. ಇಂದಿಗೂ ಚುನಾವಣೆಯಲ್ಲಿ ಇಬ್ಬರಿಗೆ ಸಮಾನ ಮತ ಬಿದ್ದರೆ ಚೀಟಿ ಎತ್ತುವುದೇ ಕಾನೂನು. ಮಾರನೆಯ ದಿನದ ಪತ್ರಿಕೆ ಅದನ್ನು ಲಾಟರಿಯ ಮೂಲಕ ಆಯ್ಕೆ ಎಂದು ಬರೆಯುತ್ತದೆ.

ಹೌದು, ಲಾಟರಿಯೂ ಈ ಮನೆತನದ್ದೇ. ಇಂಗ್ಲೆಂಡಿನಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಸರ್ಕಾರ ಬಂದರುಗಳ ದುರಸ್ತಿಗೆ ಹಣ ಬೇಕೆಂದು ಲಾಟರಿ ಹೂಡಿ 1569ರಲ್ಲಿ ಚೀಟಿ ಎತ್ತಿಸಿತು. ನಮ್ಮ ರಾಜ್ಯದಲ್ಲೂ ಬಸ್ ನಿಲ್ದಾಣಗಳಲ್ಲಿ ಹಗ್ಗಕ್ಕೆ ತೂಗು ಹಾಕಿದ ಲಾಟರಿ ಟಿಕೆಟ್ಟು ಬಹುಕಾಲ ಇತ್ತು. ಸಂಬಳದ ದಿನ ಮನೆಗೆ ಬರಿಗೈಯಲ್ಲಿ ಹೋದವರೆಷ್ಟೋ. 2007ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು.

ಇಲ್ಲೇ ಒಂದು ಮಾತು. ನೀರು ಕುಡಿಯುವ ನಮ್ಮ ಲೋಟಕ್ಕೂ ಈ ಲಾಟಿಗೂ ನಂಟಿಲ್ಲ. ಹಿರಿಯರ ಬಾಯಲ್ಲಿ ಬರುವ ಲಾಟ್ ಸಾಹೇಬ ಎಂಬವನೂ ಬೇರೆ. ಅವನು ಲಾರ್ಡ್ ಎಂಬ ಬಿರುದು ನಾಲಿಗೆಯ ಮೇಲೆ ಸವೆದು ಆದವನು. ಹೋಲುವುದೆಲ್ಲ ನೆಂಟರಲ್ಲ.

ಪಾಲು ಎಂಬಲ್ಲಿಂದ ರಾಶಿ ಎಂಬ ಅರ್ಥಕ್ಕೆ ಇದು ಹೇಗೆ ದಾಟಿತು ಎಂಬುದನ್ನು ರಾಮನಗರ, ಚನ್ನಪಟ್ಟಣದ ಹಳ್ಳಿಗಳವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಬ್ಬದಲ್ಲಿ ಹತ್ತಿಪ್ಪತ್ತು ಮನೆಯವರು ಹಣ ಹಾಕಿ ಕುರಿ ತಂದು ಕೊಯ್ದು, ಮಾಂಸವನ್ನು ಎಲೆಗಳ ಮೇಲೆ ಸಮಸಮನಾಗಿ ಗುಡ್ಡೆ ಹಾಕುತ್ತಾರೆ. ಮೂಳೆ, ಈಲಿ, ಕೊಬ್ಬು ಎಲ್ಲವೂ ಎಲ್ಲ ಗುಡ್ಡೆಗೂ ಬೀಳಬೇಕು. ಗುಡ್ಡೆ ಎಂದರೆ ರಾಶಿ, ಗುಡ್ಡೆ ಎಂದರೆ ಪಾಲು. ಎರಡಕ್ಕೂ ಒಂದೇ ಮಾತು. ಇಂಗ್ಲಿಷಿನಲ್ಲೂ ಆದದ್ದು ಇದೇ. 18ನೆಯ ಶತಮಾನದ ಹೊತ್ತಿಗೆ ಹರಾಜಿನಲ್ಲಿ ಒಟ್ಟಾಗಿ ಮಾರುವ ಸರಕಿನ ಗುಡ್ಡೆಗೆ ಲಾಟ್ ಎಂಬ ಹೆಸರು ನಿಂತಿತ್ತು. ಮುಂದೆ 19ನೆಯ ಶತಮಾನದಲ್ಲಿ ಗುಡ್ಡೆ ದೊಡ್ಡದೆಂಬ ಎಣಿಕೆಯಿಂದ ಬಹಳ ಎಂಬ ಅರ್ಥವೂ ಬಂತು. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಲಾಟ್ಸ್ ಆಫ್ ಹೋಂವರ್ಕ್ ಎನ್ನುವುದು ಈ ಅರ್ಥದಲ್ಲಿ. ಮನುಷ್ಯನಿಗೂ ಇದನ್ನು ಹಚ್ಚುತ್ತಾರೆ: ಬ್ಯಾಡ್ ಲಾಟ್ ಎಂದರೆ ನಂಬಬಾರದ ಆಸಾಮಿ. ಒಬ್ಬನ ಹಣೆಬರಹವೂ ಅವನ ಲಾಟೇ. ನಮ್ಮವರು ಪಾಲಿಗೆ ಬಂದದ್ದು ಪಂಚಾಮೃತ ಎನ್ನುವಾಗ ಆ ಪಾಲು ಎಂಬ ಮಾತಿನಲ್ಲಿ ಇರುವುದೂ ಅದೇ ಭಾವ.

ವ್ಯಾಪಾರಿಗಳ ಇಂಗ್ಲಿಷಿನಲ್ಲಿ ಇನ್ನೊಂದು ಮಾತಿದೆ, ಜಾಬ್ ಲಾಟ್. ಒಂದಕ್ಕೊಂದು ಹೊಂದದ ಚಿಲ್ಲರೆ ಸಾಮಾನನ್ನೆಲ್ಲ ಒಟ್ಟು ಸೇರಿಸಿ ಒಂದೇ ಬೆಲೆಗೆ ತಳ್ಳಿಬಿಡುವ ಗುಡ್ಡೆ ಅದು. ಈ ಮಾತನ್ನು ಓದಿದಾಗ ನಮಗೆ ಕಸಿವಿಸಿಯಾಯಿತು. ಎರಡೆಕರೆ, ಮೂರೆಕರೆ ತೋಟದವರಲ್ಲಿ ಎಷ್ಟೋ ಮಂದಿ ಮಾರುಕಟ್ಟೆಗೆ ತರುತ್ತಿರುವುದು ಇದನ್ನೇ ಅಲ್ಲವೆ?

ನಮ್ಮಲ್ಲೇ ಒಬ್ಬರ ಅನುಭವ ಹೇಳುತ್ತೇವೆ. ಆ ವರ್ಷ ಅವರಿಗೆ ಆರು ಚೀಲ ಚಾಲಿ ಅಡಿಕೆಯಾಗಿತ್ತು. ನಾಲ್ಕು ಚೀಲ ಚೆನ್ನಾಗಿ ಒಣಗಿದ ಒಳ್ಳೆಯ ಮಾಲು, ಎರಡರಲ್ಲಿ ಮಳೆಗೆ ಸಿಕ್ಕಿ ಮುಗ್ಗಿದ್ದು ಮತ್ತು ಕರಿಗೋಟು. ಮಗಳ ಮದುವೆಯ ಗಡಿಬಿಡಿ, ಆರಿಸಲು ಕೈಯಾಳಿಲ್ಲ. ಎಲ್ಲವನ್ನೂ ಬೆರೆಸಿ ಒಂದೇ ಲಾಟು ಮಾಡಿ ಒಂದು ಖಾಸಗಿ ಮಂಡಿಗೆ ಹಾಕಿದರು. ಒಳ್ಳೆಯದು ಕೆಟ್ಟದ್ದನ್ನು ಎತ್ತಿ ಹಿಡಿಯುತ್ತದೆ ಎಂಬ ಆಸೆ. ಖರೀದಿದಾರ ಚೀಲದ ಬಾಯಿಯಿಂದ ತೆಗೆಯಲಿಲ್ಲ, ಹೊಟ್ಟೆಗೆ ಕೊಕ್ಕೆ ಚುಚ್ಚಿ ತೆಗೆದ. ಆರು ಚೀಲಕ್ಕೂ ಕರಿಗೋಟಿನ ಮೋರೆ ನೋಡಿಯೇ ಬೆಲೆ ಕಟ್ಟಿದ. ರಾಮನಗರದ ರೀಲರು ತೊಟ್ಟಿಯ ತಳಕ್ಕೆ ಕೈ ಇಳಿಸುವುದನ್ನು ಕಂಡಾಗ ಆ ಬಂಧುಗಳು ನಮ್ಮ ಕಡೆ ತಿರುಗಿ ನಕ್ಕರು. ಕಲೆ ಬಿದ್ದ ಗೂಡು, ತೆಳು ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಇವನ್ನು ಮನೆಯಲ್ಲೇ ಆರಿಸಿ ತೆಗೆದು ತಂದವರ ಲಾಟಿನ ಸುತ್ತ ಜನ ಹೆಚ್ಚು ನಿಂತಿದ್ದರು.

ಆದರೆ ನಮ್ಮ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಬೇರೆ ಒಂದು ಸಂಗತಿ. ಪರದೆಯ ಮೇಲೆ ಬೆಲೆ ಬಂದ ಮೇಲೂ ಗೂಡು ಮಾರಾಟವಾದಂತೆ ಅಲ್ಲ, ರೈತ ಒಪ್ಪಬೇಕು. ಒಪ್ಪಿಗೆಯಾಗದಿದ್ದರೆ ಬೇಡವೆಂದು ಮತ್ತೆ ಹರಾಜಿಗೆ ಬಿಡಬಹುದು. ರೇಷ್ಮೆ ಗೂಡಿನ ಮಾರಾಟವನ್ನು ನಿಯಂತ್ರಿಸುವ 1959ರ ಕಾಯಿದೆ ಮತ್ತು ಆ ಮೇಲಿನ ತಿದ್ದುಪಡಿಗಳಿಂದ ಸರ್ಕಾರಿ ಮಾರುಕಟ್ಟೆಗಳು ನೆಲೆಯೂರುವ ಮೊದಲು ರೈತನ ಮನೆಯ ಬಾಗಿಲಲ್ಲೇ ವ್ಯಾಪಾರ ಮುಗಿಯುತ್ತಿತ್ತು. ಮುಂಗಡ ಕೊಟ್ಟವನದೇ ತೂಕ, ಅವನದೇ ಬೆಲೆ. ಈಗಲೂ ಆ ಸೀಮೆಯಲ್ಲಿ ಮಾವಿನ ತೋಪನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಡುವವರಿದ್ದಾರೆ. ಕಾಯಿ ಎಷ್ಟು ನಿಲ್ಲುತ್ತದೋ, ಯಾರಿಗೆ ಗೊತ್ತು? ಅದೂ ಇಡೀ ಲಾಟನ್ನು ಕೊಡುವುದೇ, ಆದರೆ ಕಣ್ಣು ಕಟ್ಟಿಕೊಂಡು. ನಮ್ಮಲ್ಲಿ ಫಸಲನ್ನು ಮರದ ಮೇಲೇ ಚೇಣಿಗೆ ಕೊಡುವವರ ಸ್ಥಿತಿ ಇದಕ್ಕಿಂತ ಭಿನ್ನವಲ್ಲ.

ಬೇಡ ಎನ್ನುವ ಹಕ್ಕು ಇದ್ದರೆ ಸಾಕೆ? ಕನಕಪುರದ ಆ ಹಿರಿಯರನ್ನೇ ಕೇಳಿದೆವು. ಅವರ ಲಾಟಿಗೆ ಮೊದಲ ಸುತ್ತಿನಲ್ಲಿ ಬಂದ ಬೆಲೆ ಅವರ ಎಣಿಕೆಗಿಂತ ಕಡಿಮೆ ಇತ್ತು. "ಬ್ಯಾಡ ಅಂದ್ಬುಟ್ಟು ಮನೆಗೆ ವಾಪಸ್ ತಗೊಂಡೋಗಬಹುದಲ್ಲ?" ಎಂದೆವು.

"ತಗೊಂಡೋಗಿ? ಗೂಡೊಳಗಿರೋ ಹುಳ ನಮ್ ಮಾತ್ ಕೇಳ್ತದಾ ಸ್ವಾಮಿ?" ಎಂದರು ಅವರು.

ಮಾತು ನಿಜ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲಾಗದು. ಚಂದ್ರಿಕೆಯಿಂದ ಗೂಡು ಬಿಡಿಸುವುದೇ ಐದಾರು ದಿನಕ್ಕೆ. ಉಳಿಯುವುದು ನಾಲ್ಕೈದು ದಿನ, ಅದರಲ್ಲೂ ದಿನದಿಂದ ದಿನಕ್ಕೆ ತೂಕ ಇಳಿಯುತ್ತದೆ. ಕಾನೂನು ಕೊಟ್ಟ ಬೇಡ ಎಂಬ ಮಾತನ್ನು ಹುಳು ಕಸಿದುಕೊಳ್ಳುತ್ತದೆ. ಕಾಯಲಾರದವನ ಲಾಟು ಮತ್ತೆ ಹಳೆಯ ಅರ್ಥಕ್ಕೇ ಹೋಗುತ್ತದೆ, ಆ ದಿನದ ಚೀಟಿಯಲ್ಲಿ ಬಂದಷ್ಟು.

ನಮ್ಮ ಅಡಿಕೆಯೊಳಗೆ ಹುಳು ಇಲ್ಲ. (ಕೆಟ್ಟದಾಗಿ ಒಣಗಿಸಿದರೆ ಬೀಳುವ ಹುಳುವಿನ ಮಾತು ಬೇರೆ!) ಚೆನ್ನಾಗಿ ಒಣಗಿದ ಚಾಲಿ ಒಂದು ವರ್ಷ ಕುಳಿತರೆ ಹಳತು ಎಂದು ಮೇಲಿನ ಧಾರಣೆಯನ್ನೇ ಪಡೆಯುತ್ತದೆ. ಕಾಫಿಯ ಚೆರ್ರಿ, ಪಾರ್ಚ್‌ಮೆಂಟ್ ಕೂಡ ತೇವ ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಕಾಯುತ್ತವೆ. ಕಾಯಲಾರದ್ದು ನಮ್ಮ ಕೈಯ ಕಾಸು. ಮಕ್ಕಳ ಫೀಸು, ಗೊಬ್ಬರದಂಗಡಿಯ ಬಾಕಿ, ಕೂಲಿ ಬಟವಾಡೆ, ಇವೇ ನಮ್ಮ ಗೂಡಿನೊಳಗಿನ ಹುಳು.

ಸಹಕಾರ ಸಂಘಗಳನ್ನು ಕಟ್ಟಿದವರು ಈ ಹುಳುವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ, ಶಿವಮೊಗ್ಗದ ಮ್ಯಾಮ್‌ಕೋಸ್ 1939ರಲ್ಲಿ, ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ ಆರಂಭವಾದದ್ದು ದಲ್ಲಾಳಿಯ ಸಾಲದ ಕುಣಿಕೆಯಿಂದ, ಬೆಲೆ ಕುಸಿತದ ಹೊಡೆತದಿಂದ ಬೆಳೆಗಾರ ಹೊರಬರಲೆಂದೇ. ಸಂಘದ ಅಂಗಳದಲ್ಲಿ ಸದಸ್ಯನ ಮಾಲು ಅವನದೇ ಲಾಟಾಗಿ ಬಾಯಿ ಬಿಚ್ಚಿ ಕುಳಿತಿರುತ್ತದೆ, ವ್ಯಾಪಾರಸ್ಥರು ನೋಡಿ ಟೆಂಡರು ಬರೆಯುತ್ತಾರೆ, ಧಾರಣೆ ಸರಿಬಾರದಿದ್ದರೆ ಸದಸ್ಯ ಈ ವಾರ ಬೇಡ ಎನ್ನಬಹುದು. ಹಾಗೆ ಅನ್ನಲು ಧೈರ್ಯ ಬರುವುದು ದಾಸ್ತಾನಿನ ಮೇಲೆ ಮುಂಗಡ ಸಿಕ್ಕಿ ಮನೆಯ ಖರ್ಚು ನಡೆದಾಗ ಮಾತ್ರ. ಗೋದಾಮು ಮತ್ತು ಮುಂಗಡ ಎರಡೂ ಇಲ್ಲದ ಸಂಘ ಹರಾಜಿನ ಕಟ್ಟೆಯೇ ಹೊರತು ಬೇರೇನಲ್ಲ ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರು ಬರೆದು ತಿಳಿಸಿದರೆ ಪ್ರಕಟಿಸುತ್ತೇವೆ.

ಕಾಫಿಯವರ ಕಥೆ ಇನ್ನೊಂದು ಬಗೆ. 1942ರ ಕಾಯಿದೆಯ ಮೇಲೆ ನಿಂತ ಪೂಲ್ ಪದ್ಧತಿಯಲ್ಲಿ ಬೆಳೆಗಾರ ತನ್ನ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ದರ್ಜೆಗೆ ತಕ್ಕಂತೆ ಪಾಯಿಂಟು, ಪಾಯಿಂಟಿಗೆ ತಕ್ಕಂತೆ ಹಣ, ಅದೂ ಕಂತುಗಳಲ್ಲಿ. ಮಂಡಳಿ ಒಟ್ಟು ಕಾಫಿಯನ್ನು ಲಾಟುಗಳಾಗಿ ಹರಾಜು ಹಾಕುತ್ತಿತ್ತು. ಆ ಲಾಟಿನಲ್ಲಿ ಯಾರ ತೋಟದ ಕಾಫಿ ಎಷ್ಟಿದೆ ಎಂಬುದು ದೇವರಿಗೇ ಗೊತ್ತು. ಬೆಲೆ ಪಾತಾಳಕ್ಕೆ ಇಳಿಯದಂತೆ ಅದು ಕಾಪಾಡಿತು ಎನ್ನುವವರಿದ್ದಾರೆ, ಒಳ್ಳೆಯ ಕಾಫಿ ಮಾಡಿದವನಿಗೆ ಏನೂ ದಕ್ಕಲಿಲ್ಲ ಎನ್ನುವವರೂ ಇದ್ದಾರೆ. ಎರಡರಲ್ಲೂ ಸತ್ಯಾಂಶವಿದೆ. 1992ರಿಂದ ಹಂತ ಹಂತವಾಗಿ ಸಡಿಲಿಸಿ, 1996ರಲ್ಲಿ ಪೂಲನ್ನು ಪೂರ್ತಿ ಕೈಬಿಟ್ಟರು. ಬೆಳೆಗಾರನ ಲಾಟು ಅವನಿಗೇ ವಾಪಸು ಬಂತು, ಬೆಲೆಯ ಏರಿಳಿತದ ಹೊರೆಯ ಸಮೇತ.

ಈಗ ಪೇಟೆಯಲ್ಲಿ ಮೈಕ್ರೋ ಲಾಟ್ ಎಂಬ ಮಾತು ಓಡಾಡುತ್ತಿದೆ. ತೋಟದ ಒಂದು ಮೂಲೆಯ, ಒಂದು ತಳಿಯ, ಒಂದೇ ಕೊಯ್ಲಿನ ಹಣ್ಣನ್ನು ಬೇರೆಯಾಗಿ ಸಂಸ್ಕರಿಸಿ, ಬೇರೆಯಾಗಿ ಒಣಗಿಸಿ, ಬೇರೆಯ ಚೀಲದಲ್ಲಿ ಕಟ್ಟಿದ ಕೆಲವೇ ಮೂಟೆ ಕಾಫಿ. ರುಚಿ ನೋಡುವವರು ಮೆಚ್ಚಿದರೆ ಸಾಮಾನ್ಯ ಧಾರಣೆಗಿಂತ ಬಹಳ ಮೇಲೆ ಹೋಗುತ್ತದೆ. ಕಾಫಿ ಮಂಡಳಿ 10 ಹೆಕ್ಟೇರಿಗೆ ಮೀರದ ತೋಟದವರನ್ನೆಲ್ಲ ಸಣ್ಣ ಬೆಳೆಗಾರರೆಂದು ಎಣಿಸುತ್ತದೆ. ಅಂಥವರ ಲಾಟು ಚಿಕ್ಕದೆಂಬುದೇ ಇಷ್ಟು ದಿನ ಕೊರತೆಯಾಗಿತ್ತು, ಇಲ್ಲಿ ಅದೇ ಗುಣವಾಗಬಹುದು. ಹಾಗೆಂದು ಎಲ್ಲರೂ ನಾಳೆಯೇ ಮೈಕ್ರೋ ಲಾಟಿಗೆ ಹೊರಡಿ ಎಂದು ನಾವು ಹೇಳುವುದಿಲ್ಲ. ಹಣ್ಣಾದದ್ದನ್ನೇ ಆರಿಸಿ ಕೊಯ್ಯುವ ಆಳು ಬೇಕು, ಮಂಚಿಗೆ ಬೇಕು, ಮೊದಲೇ ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳಬೇಕು. ಒಬ್ಬರಿಗೆ ಆಗದ್ದು ಅಕ್ಕಪಕ್ಕದ ನಾಲ್ಕು ತೋಟದವರು ಒಂದು ಒಣಗಿಸುವ ಕಣ ಮಾಡಿಕೊಂಡರೆ ಆದೀತು.

ಬೇರೆಬೇರೆಯಾಗಿ ಇಡುವ ಅಭ್ಯಾಸಕ್ಕೆ ಇನ್ನೊಂದು ಕಾರಣವೂ ಬಂದಿದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ತಮ್ಮ ದೇಶಗಳಿಗೆ ಬರಕೂಡದೆಂದು ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿಯ ದಿನ ಮುಂದೆ ಹೋಗುತ್ತ ಬಂದಿದ್ದರೂ, ಚೀಲದಲ್ಲಿರುವ ಕಾಫಿ ಯಾವ ಸರ್ವೆ ನಂಬರಿನದು ಎಂದು ತೋರಿಸುವ ಅಗತ್ಯ ತಪ್ಪುವಂತಿಲ್ಲ. ಊರಿನ ಎಲ್ಲರ ಕಾಫಿಯನ್ನು ಒಂದೇ ಲಾರಿಗೆ ಸುರಿದು ಕಳಿಸಿದರೆ ಇದು ಹೇಗೆ ಸಾಧ್ಯ? ಆದ್ದರಿಂದ ಸದಸ್ಯರು ಚೀಲದ ಮೇಲೆ ಹೆಸರಿನ ಜೊತೆಗೆ ತೋಟದ ಗುರುತು, ಕೊಯ್ಲಿನ ತಾರೀಕು ಬರೆಯುವ ರೂಢಿಯನ್ನು ಈ ಹಂಗಾಮಿನಿಂದಲೇ ಮಾಡಿಕೊಳ್ಳಬೇಕೆಂದು ಕೋರುತ್ತೇವೆ. ಅಡಿಕೆಯವರು ಚಾಲಿಯ ಜೊತೆ ಪಟೋರ, ಉಳ್ಳಿ, ಕರಿಗೋಟುಗಳನ್ನು ಬೆರೆಸದೆ ಬೇರೆ ಬೇರೆ ಲಾಟಾಗಿ ತಂದರೆ ಗೋದಾಮಿನವರಿಗೆ ಕೆಲಸ ಹೆಚ್ಚಾಗುತ್ತದೆ, ಆಗಲಿ.

ಆ ದಿನ ರಾಮನಗರದಲ್ಲಿ ಎರಡನೆಯ ಸುತ್ತು ಮುಗಿಯುವವರೆಗೂ ನಾವು ಹೊರಡಲಿಲ್ಲ. ಕನಕಪುರದ ಹಿರಿಯರ ಲಾಟು ಏನಾಯಿತೆಂದು ನೋಡದೆ ಬರಲು ಮನಸ್ಸಾಗಲಿಲ್ಲ. ಪರದೆಯ ಮೇಲೆ ಅವರ ನಂಬರು ಬಂದಾಗ ಬೆಲೆ ಕಿಲೋಗೆ ಹನ್ನೆರಡು ರೂಪಾಯಿ ಏರಿತ್ತು. ಅವರು ಎಣಿಸಿದ್ದಕ್ಕೆ ಇನ್ನೂ ಕಡಿಮೆಯೇ. ಸ್ವಲ್ಪ ಹೊತ್ತು ತೊಟ್ಟಿಯ ಅಂಚು ಹಿಡಿದು ನಿಂತರು. ಆಮೇಲೆ ಒಪ್ಪಿಗೆ ಕೊಟ್ಟು, ತೂಕಕ್ಕೆ ಗೂಡು ತುಂಬಿಸಿ, ಖಾಲಿ ಚೀಲಗಳನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. "ಮುಂದಿನ ಬೆಳೆಗೆ ಹುಳ ತರಬೇಕು, ಬತ್ತೀನಿ ಸ್ವಾಮಿ" ಎಂದು ಬಸ್ ನಿಲ್ದಾಣದ ಕಡೆ ಹೊರಟರು.